ತಮ್ಮನಿಗೆ ಹಡಗೇ ಬೇಕಂತೆ: ಎನ್‌ಡಿಎ, ಎಝಿಮಲ, ಮರ್ಚೆಂಟ್ ನೇವಿ, ಯಾವುದಕ್ಕೆ ಅರ್ಜಿ ಹಾಕುವುದು?

ಬೇಲೇಕೇರಿ_ಅಕ್ಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಬೇಡಿ.

ನಾವು ಅಂಕೋಲಾ ಕಡೆಯವರು. ಅಪ್ಪ ಬೋಟಿಗೆ ಹೋಗುತ್ತಾರೆ, ಅಮ್ಮ ಪೇಟೆಯಲ್ಲಿ ಮೀನು ಮಾರುತ್ತಾಳೆ. ನಾನು ಡಿಗ್ರಿ ಮುಗಿಸಿ ಕಾರವಾರದಲ್ಲಿ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ತಮ್ಮ ಸೆಕೆಂಡ್ ಪಿಯುಸಿ ಸೈನ್ಸ್, ಈಗ 17 ವರ್ಷ. ಓದಿನಲ್ಲಿ ಪರವಾಗಿಲ್ಲ, ಗಣಿತ ಚೆನ್ನಾಗಿ ಮಾಡುತ್ತಾನೆ, ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ, ಮಾತಾಡು ಅಂದರೆ ಬಾಯಿ ಬರಲ್ಲ.

ಐದನೇ ಕ್ಲಾಸಿನಲ್ಲಿ ಶಾಲೆಯವರು ಕಾರವಾರದ ಟಾಗೋರ್ ಬೀಚಿನಲ್ಲಿ ಇಟ್ಟಿರುವ ನೇವಿಯ ಹಳೆಯ ಚಾಪಲ್ ಹಡಗು ತೋರಿಸಲು ಕರೆದುಕೊಂಡು ಹೋಗಿದ್ದರು. ಅವತ್ತಿನಿಂದ ಇವನಿಗೆ ಹಡಗೇ ಹಡಗು. ಯಾವ ಹಡಗು ಅಂತ ಕೇಳಿದರೆ ಮಾತ್ರ ಉತ್ತರ ಇಲ್ಲ. ಒಂದು ದಿನ ನೇವಿ ಅನ್ನುತ್ತಾನೆ, ಇನ್ನೊಂದು ದಿನ ಮರ್ಚೆಂಟ್ ನೇವಿ (ಸರಕು ಸಾಗಿಸುವ ಹಡಗು), ಟಿವಿಯಲ್ಲಿ ಪೊಲೀಸ್ ಸಿನಿಮಾ ನೋಡಿದ ಮರುದಿನ ಪಿಎಸ್‌ಐ.

ಅಪ್ಪನಿಗೆ ನೇವಿ ಬೇಡ. ಕಾರವಾರದ ಸೀಬರ್ಡ್ ನೌಕಾನೆಲೆಗೆ ಜಾಗ ಹೋಗಿ ಅಜ್ಜನ ಮನೆ ಇದ್ದ ಊರಿನಿಂದ ನಾವು ಎದ್ದು ಬಂದವರು, ಆ ಕಥೆ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಅವರು ಜಗಳ ಮಾಡಲ್ಲ, ಸುಮ್ನೆ ಎದ್ದು ಹೊರಗೆ ಹೋಗುತ್ತಾರೆ. ಅದಕ್ಕೆ ಈಗ ಮರ್ಚೆಂಟ್ ನೇವಿ ಕಡೆ ಮಾತು ತಿರುಗಿದೆ. ನಮ್ಮ ಪೇಟೆಯಲ್ಲಿ ಒಬ್ಬ ಏಜೆಂಟ್ ಇದ್ದಾನೆ. ಆರು ತಿಂಗಳ ಕೋರ್ಸ್, ಆಮೇಲೆ ನೇರ ಹಡಗಿನಲ್ಲಿ ಆಫೀಸರ್ ಅಂತ ಹೇಳಿ ಅಮ್ಮನ ಹತ್ತಿರ ಈಗಾಗಲೇ 15,000 ಅಡ್ವಾನ್ಸ್ ತೆಗೆದುಕೊಂಡಿದ್ದಾನೆ. ಉಳಿದ ಲಕ್ಷಗಳು ಆಮೇಲೆ ಅಂತೆ. ನನಗೆ ಯಾಕೋ ಸರಿ ಕಾಣುತ್ತಿಲ್ಲ.

ಗೊತ್ತಿದ್ದವರು ಹೇಳಿ. ಸೇನೆಯ ಎನ್‌ಡಿಎ, ನೇವಿಯ ಎಝಿಮಲ, ಮರ್ಚೆಂಟ್ ನೇವಿ, ಇವೆಲ್ಲ ಒಂದೇ ಅಕಾಡೆಮಿಯಾ, ಬೇರೆ ಬೇರೆಯಾ? ಖರ್ಚು ಯಾರದ್ದು?

ಮೂರನೇ_ಮೇಟ್:

ಅಕ್ಕ, ಮೊದಲು ಆ ಏಜೆಂಟಿಗೆ ಇನ್ನೊಂದು ರೂಪಾಯಿ ಕೊಡಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ನಾನು ಕುಮಟಾದವನು, ಮರ್ಚೆಂಟ್ ನೇವಿಯಲ್ಲಿ ಡೆಕ್ ಆಫೀಸರ್, ಅಂದರೆ ಹಡಗು ನಡೆಸುವ ಕಡೆಯವನು. ಆರು ತಿಂಗಳ ಕೋರ್ಸ್ ಅನ್ನುವುದು ಇದೆ, ಸುಳ್ಳಲ್ಲ. ಅದರ ಹೆಸರು ಜಿಪಿ ರೇಟಿಂಗ್. ಎಸ್‌ಎಸ್‌ಎಲ್‌ಸಿ ಆದವರೂ ಸೇರಬಹುದು. ಅದು ಮುಗಿಸಿದವನು ಹಡಗಿನಲ್ಲಿ ರೇಟಿಂಗ್ ಆಗುತ್ತಾನೆ, ಅಂದರೆ ಹಗ್ಗ ಕಟ್ಟುವುದು, ತುಕ್ಕು ಕೆರೆಯುವುದು, ಬಣ್ಣ ಹೊಡೆಯುವುದು, ಚುಕ್ಕಾಣಿ ಹಿಡಿಯುವುದು. ಮರ್ಯಾದೆಯ ಕೆಲಸವೇ, ನಾನು ಕಡಿಮೆ ಮಾಡಿ ಹೇಳುತ್ತಿಲ್ಲ, ನನಗೆ ಹಗ್ಗದ ಕೆಲಸ ಕಲಿಸಿದ್ದು ಒಬ್ಬ ಬೋಸನ್, ಅಂದರೆ ರೇಟಿಂಗ್‌ಗಳ ಮೇಸ್ತ್ರಿ. ಆದರೆ ಅದು ಆಫೀಸರ್ ಅಲ್ಲ. ನಿಮ್ಮ ಏಜೆಂಟ್ ಆ ಕೋರ್ಸಿಗೆ ಈ ಹೆಸರು ಅಂಟಿಸಿ ಮಾರುತ್ತಿದ್ದಾನೆ. ಈ ಒಂದು ಸುಳ್ಳಿನ ಮೇಲೆ ಕರಾವಳಿಯಲ್ಲಿ ಎಷ್ಟು ಜನ ಹೊಟ್ಟೆ ಹೊರೆಯುತ್ತಿದ್ದಾರೋ.

ಆಫೀಸರ್ ಆಗಬೇಕಾದರೆ ದಾರಿ ಹೀಗಿದೆ. ಇಂಡಿಯನ್ ಮೆರಿಟೈಮ್ ಯೂನಿವರ್ಸಿಟಿ ಅಂತ ಕೇಂದ್ರ ಸರ್ಕಾರದ್ದು, 2008ರಲ್ಲಿ ಶುರುವಾಗಿದ್ದು, ಮುಖ್ಯ ಕಚೇರಿ ಚೆನ್ನೈ. ಕೊಚ್ಚಿ, ಮುಂಬೈ, ಕೋಲ್ಕತಾ, ವಿಶಾಖಪಟ್ಟಣದಲ್ಲೂ ಕ್ಯಾಂಪಸ್ ಇವೆ. ಪಿಯುಸಿ ನಂತರ ಅವರದೇ ಪ್ರವೇಶ ಪರೀಕ್ಷೆ, ಐಎಂಯು ಸಿಇಟಿ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಸೇರಿ 60 ಪರ್ಸೆಂಟ್ ಬೇಕು, ಇಂಗ್ಲಿಷಿನಲ್ಲಿ 50. ಡೆಕ್ ಕಡೆ ಹೋಗುವವರು ಮೂರು ವರ್ಷದ ಬಿಎಸ್‌ಸಿ ನಾಟಿಕಲ್ ಸೈನ್ಸ್ ಮಾಡಬಹುದು, ಇಲ್ಲ ಒಂದು ವರ್ಷದ ಡಿಎನ್‌ಎಸ್ (ಡಿಪ್ಲೊಮಾ ಇನ್ ನಾಟಿಕಲ್ ಸೈನ್ಸ್) ಮಾಡಬಹುದು. ಡಿಎನ್‌ಎಸ್ ಮಾಡಿದವರು 18 ತಿಂಗಳು ಕೆಡೆಟ್ (ತರಬೇತಿಯಲ್ಲಿರುವವ) ಆಗಿ ಸಮುದ್ರದಲ್ಲಿ ಕಳೆಯಬೇಕು, ಬಿಎಸ್‌ಸಿಯವರು 12 ತಿಂಗಳು. ಅಷ್ಟಾದ ಮೇಲೆ ಸೆಕೆಂಡ್ ಮೇಟ್ ಪರೀಕ್ಷೆ. ಅದು ಪಾಸಾದ ದಿನ ನೀವು ಆಫೀಸರ್. ಇಂಜಿನ್ ಕಡೆ ಆದರೆ ನಾಲ್ಕು ವರ್ಷದ ಬಿಟೆಕ್ ಮರೈನ್ ಇಂಜಿನಿಯರಿಂಗ್. ಅಡ್ಡದಾರಿ ಇಲ್ಲ. ಇದಕ್ಕೆ ಖರ್ಚು ನಿಮ್ಮದೇ, ಲಕ್ಷಗಳಲ್ಲೇ ಆಗುತ್ತದೆ, ಬ್ಯಾಂಕ್ ಸಾಲ ಸಿಗುತ್ತದೆ. ಆದರೆ ಹಡಗಿಗೆ ಹತ್ತಿಸಲು ಅಂತ ಹುಡುಗನ ಹತ್ತಿರ ದುಡ್ಡು ಕೇಳುವುದು ಕಾನೂನಿಗೆ ವಿರುದ್ಧ. ಕೆಲಸಕ್ಕೆ ಕಳಿಸುವ ಕಂಪನಿಗೆ ಡಿಜಿ ಶಿಪ್ಪಿಂಗಿನ (ಹಡಗುಗಳ ಕೇಂದ್ರ ಸರ್ಕಾರಿ ಇಲಾಖೆ) ಆರ್‌ಪಿಎಸ್‌ಎಲ್, ಅಂದರೆ ನಾವಿಕರ ನೇಮಕಾತಿಯ ಲೈಸೆನ್ಸ್ ಇರಬೇಕು. ನಂಬರ್ ಕೇಳಿ. ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಿದರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮೊದಲು. ಹುಡುಗನ ಕಣ್ಣು ತೋರಿಸಿ. ಈ ವಾರವೇ. ಬರೀ ಕನ್ನಡಕದ ಪರೀಕ್ಷೆ ಅಲ್ಲ, ಬಣ್ಣದ ಚುಕ್ಕೆಗಳೊಳಗೆ ಅಂಕಿ ಓದಿಸುತ್ತಾರಲ್ಲ, ಅದು. ರಾತ್ರಿ ಎದುರಿನ ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ದೀಪ. ಅದು ಬೇರೆ ಬೇರೆ ಕಾಣದವನು ಡೆಕ್ಕಿಗೆ ಬರುವ ಹಾಗಿಲ್ಲ, ನೇವಿಗೂ ಬರುವ ಹಾಗಿಲ್ಲ. ನನ್ನ ಜೊತೆ ಬಂದಿದ್ದ ಒಬ್ಬ ಫೀಸೆಲ್ಲ ಕಟ್ಟಿದ ಮೇಲೆ ಮೆಡಿಕಲ್‌ನಲ್ಲಿ ಹೊರಗೆ ಬಿದ್ದ. 17 ವರ್ಷ ಅವನಿಗೇ ಗೊತ್ತಿರಲಿಲ್ಲ.

ಅಡಿಕೆತೋಟದಿಂದ:

ಶಿರಸಿಯಿಂದ. ನನ್ನದು ಸೋತ ಕಥೆ, ಆದರೂ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಎನ್‌ಡಿಎ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಪರೀಕ್ಷೆ ಬರೆದು ಪಾಸಾಗಿ ಎಸ್‌ಎಸ್‌ಬಿಗೆ, ಅಂದರೆ ಅಧಿಕಾರಿಗಳ ಆಯ್ಕೆ ಮಂಡಳಿಯ ಸಂದರ್ಶನಕ್ಕೆ, ಎರಡು ಸಲ ಹೋದವನು ನಾನು, ಎರಡೂ ಸಲ ಕೊನೆಯ ದಿನದ ಕಾನ್ಫರೆನ್ಸ್‌ನಲ್ಲಿ ಹೊರಗೆ ಬಿದ್ದೆ. ಈಗ ಬ್ಯಾಂಕಿನಲ್ಲಿದ್ದೇನೆ.

ಎನ್‌ಡಿಎ ಪುಣೆ ಹತ್ತಿರ ಖಡಕ್‌ವಾಸ್ಲಾದಲ್ಲಿದೆ. ಸೇನೆ, ನೇವಿ, ಏರ್‌ಫೋರ್ಸ್ ಮೂರಕ್ಕೂ ಅಲ್ಲೇ ಮೂರು ವರ್ಷ. ಆಮೇಲೆ ಒಂದೊಂದು ದಿಕ್ಕು. ಸೇನೆಯವರು ಡೆಹ್ರಾಡೂನಿನ ಐಎಂಎ (ಇಂಡಿಯನ್ ಮಿಲಿಟರಿ ಅಕಾಡೆಮಿ), ಏರ್‌ಫೋರ್ಸ್‌ನವರು ಹೈದರಾಬಾದ್ ಹತ್ತಿರದ ದುಂಡಿಗಲ್, ನೇವಿಯವರು ಕೇರಳದ ಎಝಿಮಲ. ಪರೀಕ್ಷೆ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಮಾಡುತ್ತದೆ, ಸೆಕೆಂಡ್ ಪಿಯುಸಿಯಲ್ಲಿ ಇದ್ದಾಗಲೇ ಬರೆಯಬಹುದು. ಗಣಿತ 300 ಅಂಕ, ಜನರಲ್ ಎಬಿಲಿಟಿ 600. ಆ 600ರಲ್ಲಿ ಇಂಗ್ಲಿಷಿಗೇ 200. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿ ಎರಡೇ, ಕನ್ನಡ ಇಲ್ಲ. ಇದರ ಬಗ್ಗೆ ನನಗೆ ಸಿಟ್ಟಿದೆ, ಅದು ಬೇರೆ ವಿಷಯ. ನಾನು ಧಾರವಾಡದಲ್ಲಿ ಬರೆದೆ.

ಲಿಖಿತ 900, ಎಸ್‌ಎಸ್‌ಬಿ ಒಂದಕ್ಕೇ ಮತ್ತೆ 900. ಕೋಚಿಂಗ್‌ನವರು ಇದನ್ನು ಜೋರಾಗಿ ಹೇಳುವುದಿಲ್ಲ. ನನಗೆ ಬೆಂಗಳೂರಿಗೆ ಕರೆ ಬಂತು. ಐದು ದಿನ ಅಲ್ಲೇ ಊಟ, ಅಲ್ಲೇ ನಿದ್ದೆ. ಎದೆಗೆ ಒಂದು ನಂಬರ್ ಕಟ್ಟುತ್ತಾರೆ, ನಿಮ್ಮ ಹೆಸರು ಅಲ್ಲಿಗೆ ಮುಗಿಯಿತು. ಮೊದಲ ದಿನವೇ ಅರ್ಧಕ್ಕಿಂತ ಜಾಸ್ತಿ ಜನರನ್ನು ಮನೆಗೆ ಕಳಿಸಿದರು. ಎರಡನೇ ದಿನ ಪರದೆ ಮೇಲೆ ಒಂದೊಂದು ಶಬ್ದ, 15 ಸೆಕೆಂಡಿನಲ್ಲಿ ಒಂದು ವಾಕ್ಯ ಬರೆಯಬೇಕು, ಹೀಗೆ 60 ಶಬ್ದ. ಮೂವತ್ತನೆಯದಕ್ಕೆ ಬರುವಾಗ ಕಲಿತುಕೊಂಡು ಬಂದ ಒಳ್ಳೆಯ ವಾಕ್ಯಗಳೆಲ್ಲ ಖಾಲಿ, ಆಮೇಲೆ ಬರುವುದೇ ನಿಜವಾದ ನೀವು. ಆಮೇಲೆ ಮೈದಾನದಲ್ಲಿ ಹಗ್ಗ, ಹಲಗೆ, ಡ್ರಮ್ ಕೊಟ್ಟು ಗುಂಪಿನಲ್ಲಿ ದಾಟಿ ಅನ್ನುತ್ತಾರೆ. ಕಿರುಚುವವರು ನಾಯಕರು ಅಂತ ನಾನು ತಿಳಿದುಕೊಂಡಿದ್ದೆ, ಕಿರುಚಿದೆ.

ಇಂಟರ್‌ವ್ಯೂನಲ್ಲಿ ಆ ಅಧಿಕಾರಿ ನನ್ನನ್ನು ಪ್ರಪಂಚದ ಸುದ್ದಿ ಕೇಳಲಿಲ್ಲ. ಅಪ್ಪ ಏನು ಮಾಡುತ್ತಾರೆ ಅಂದರು, ಅಡಿಕೆ ತೋಟ ಅಂದೆ. ಮಳೆಗಾಲದಲ್ಲಿ ಅಡಿಕೆ ಉದುರುವ ರೋಗಕ್ಕೆ ಏನು ಹೊಡೆಯುತ್ತೀರಿ ಅಂದರು. ಬೋರ್ಡೋ ಅಂದೆ. ಅದನ್ನು ಹೇಗೆ ತಯಾರಿಸುತ್ತೀರಿ ಅಂದರು. ಸುಣ್ಣ, ಮೈಲುತುತ್ತ ಎಷ್ಟೆಷ್ಟು ಅಂತ ನನಗೆ ಗೊತ್ತಿರಲಿಲ್ಲ. ಹತ್ತು ವರ್ಷ ಮನೆಯ ಅಂಗಳದಲ್ಲೇ ಅದನ್ನು ಕಲಸುವುದು ನೋಡಿದವನು ನಾನು, ಒಂದು ದಿನ ಕೈ ಹಾಕಿರಲಿಲ್ಲ. ಅವರು ಏನೂ ಹೇಳಲಿಲ್ಲ, ಬರೆದುಕೊಂಡರು.

ಅದಕ್ಕೆ ಹೇಳುವುದು, ನಿಮ್ಮ ತಮ್ಮನಿಗೆ ಅಪ್ಪನ ಜೊತೆ ನಾಲ್ಕು ದಿನ ಬೋಟಿಗೆ ಹೋಗಿ ಬರಲು ಹೇಳಿ. ಬಲೆಯ ಕಣ್ಣು ಎಷ್ಟು, ಡೀಸೆಲ್ ಎಷ್ಟು ಕುಡಿಯುತ್ತದೆ, ಜೂನ್ ಜುಲೈ ಎರಡು ತಿಂಗಳು ಯಾಕೆ ಕಡಲಿಗೆ ಇಳಿಯುವ ಹಾಗಿಲ್ಲ, ಬಂಗಡೆ ದರ ಯಾರು ಕಟ್ಟುತ್ತಾರೆ, ಇದೆಲ್ಲ ಅವನಿಗೆ ಬಾಯಲ್ಲಿರಬೇಕು. ಇಂಗ್ಲಿಷ್ ಒಡೆದು ಬಂದರೂ ಪರವಾಗಿಲ್ಲ, ವಿಷಯ ಒಡೆಯಬಾರದು.

ಖರ್ಚಿನ ಪ್ರಶ್ನೆಗೆ: ತರಬೇತಿ, ಊಟ, ವಸತಿ ಎಲ್ಲ ಸರ್ಕಾರದ್ದು. ಸೇರುವಾಗ ಬಟ್ಟೆ, ಕೈಖರ್ಚು ಅಂತ ಸ್ವಲ್ಪ ಕಟ್ಟಬೇಕು. ಮೊದಲ ಸಲ ಎಸ್‌ಎಸ್‌ಬಿಗೆ ಹೋದರೆ ರೈಲು ಚಾರ್ಜೂ ವಾಪಸ್ ಕೊಡುತ್ತಾರೆ. ಆದರೆ ಸೇರಿದ ಮೇಲೆ ಸಾಕು ಅಂತ ತಾನಾಗಿ ಬಿಟ್ಟು ಬಂದರೆ ಅಷ್ಟು ದಿನದ ಖರ್ಚು ವಸೂಲಿ ಮಾಡುತ್ತಾರೆ, ಅದು ನೆನಪಿರಲಿ.

ಸದಾಶಿವಗಡ_77:

ಎನ್‌ಡಿಎಗೆ ವಯಸ್ಸು 16½ರಿಂದ 19½. ಅಂದರೆ ಇವನಿಗೆ ಇನ್ನು ಬೆರಳೆಣಿಕೆಯ ಅವಕಾಶ ಅಷ್ಟೇ. ಮೊದಲು ಡಿಗ್ರಿ ಮಾಡಿ ಆಮೇಲೆ ನೋಡೋಣ ಅನ್ನುವವರ ಮಾತು ಕೇಳಿದರೆ ಈ ಬಾಗಿಲು ಮುಚ್ಚಿರುತ್ತದೆ.

ನೇರ ಎಝಿಮಲಕ್ಕೇ ಹೋಗುವ ಇನ್ನೊಂದು ದಾರಿಯನ್ನು ಯಾರೂ ಹೇಳಲಿಲ್ಲ. 10+2 ಬಿಟೆಕ್ ಕೆಡೆಟ್ ಎಂಟ್ರಿ ಅಂತ. ಬೇರೆ ಲಿಖಿತ ಪರೀಕ್ಷೆ ಇಲ್ಲ, ಜೆಇಇ ಮೇನ್ ರ್‍ಯಾಂಕ್ ಮೇಲೆ ಎಸ್‌ಎಸ್‌ಬಿಗೆ ಕರೆಯುತ್ತಾರೆ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಸೇರಿ 70 ಪರ್ಸೆಂಟ್ ಬೇಕು. ನಾಲ್ಕು ವರ್ಷ ಅಲ್ಲೇ ಓದು, ನೌಕಾಪಡೆಯದ್ದೇ ಖರ್ಚು. ನಮ್ಮ ಕಡೆಯ ಮಕ್ಕಳು ಹೇಗೂ ಸಿಇಟಿ ಜೊತೆ ಜೆಇಇ ಬರೆಯುತ್ತಾರೆ, ಬರೆದು ಮರೆತುಬಿಡುತ್ತಾರೆ.

ಎಝಿಮಲ ಅಕಾಡೆಮಿ 2009ರಲ್ಲಿ ಉದ್ಘಾಟನೆ ಆಗಿದ್ದು. ಕಣ್ಣೂರು ಜಿಲ್ಲೆ, ಪಯ್ಯನ್ನೂರು ಸ್ಟೇಷನ್ನಿನಲ್ಲಿ ಇಳಿಯಬೇಕು. ನಮಗೆ ಬೆಂಗಳೂರಿಗಿಂತ ಅದೇ ಸಲೀಸು, ಒಂದೇ ಕರಾವಳಿ ಅಲ್ವಾ. ಕೋಸ್ಟ್ ಗಾರ್ಡ್ ಅಧಿಕಾರಿಗಳೂ ಶುರುವಿನ ತರಬೇತಿಗೆ ಅಲ್ಲಿಗೇ ಹೋಗುತ್ತಾರೆ, ಆದರೆ ಅದಕ್ಕೆ ಡಿಗ್ರಿ ಬೇಕು.

ಇನ್ನು ಅಪ್ಪನ ವಿಷಯ. ನಮ್ಮ ಮನೆಯಲ್ಲೂ ಅದೇ ಕಥೆ ಇದ್ದದ್ದರಿಂದ ಒಂದು ಮಾತು. ಅವರನ್ನು ಒಪ್ಪಿಸಲು ಹೋಗಬೇಡಿ. ಹುಡುಗ ಫಾರ್ಮ್ ತುಂಬುವ ದಿನ ಅವರ ಎದುರು ಕೂತು ತುಂಬಲಿ. ಬೇಡ ಅನ್ನುವುದಾದರೆ ಅವತ್ತು ಬಾಯಿ ಬಿಟ್ಟು ಅನ್ನುತ್ತಾರೆ.

ಖಾಕಿ_ಮಾವ:

ಪಿಎಸ್‌ಐ ಅಂತ ಬರೆದಿದ್ದೀರಿ, ಅದಕ್ಕೆ ನಾನು. ನಿವೃತ್ತಿಗೆ ಹತ್ತಿರ ಇದ್ದೇನೆ.

ಪಿಯುಸಿ ಮುಗಿಸಿ ನೇರ ಪೊಲೀಸ್ ಅಧಿಕಾರಿ ಆಗುವ ದಾರಿ ಇಲ್ಲ. ಪಿಎಸ್‌ಐ ಆಗಲು ಡಿಗ್ರಿ ಬೇಕು, ನೇಮಕಾತಿ ರಾಜ್ಯದ್ದು, ತರಬೇತಿ ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಯಲ್ಲಿ. ಡಿವೈಎಸ್‌ಪಿ ಆಗಬೇಕಾದರೆ ಕೆಪಿಎಸ್‌ಸಿ, ಅವರೂ ಮೈಸೂರಿಗೇ ಬರುತ್ತಾರೆ. ಐಪಿಎಸ್ ಆದರೆ ಯುಪಿಎಸ್‌ಸಿ ಸಿವಿಲ್ ಸರ್ವೀಸಸ್, ಮೊದಲು ಮಸ್ಸೂರಿಯಲ್ಲಿ ಫೌಂಡೇಶನ್ ಕೋರ್ಸ್, ಆಮೇಲೆ ಹೈದರಾಬಾದಿನ ಸರ್ದಾರ್ ಪಟೇಲ್ ಅಕಾಡೆಮಿ. ಅದು 1948ರಲ್ಲಿ ಮೌಂಟ್ ಅಬುನಲ್ಲಿ ಶುರುವಾಗಿ 1975ರಲ್ಲಿ ಹೈದರಾಬಾದಿಗೆ ಬಂತು.

ಹಾಗಾಗಿ ಪೊಲೀಸ್ ಬಾಗಿಲು ಇವನಿಗೆ ಇನ್ನೂ ಬಹಳ ವರ್ಷ ತೆರೆದೇ ಇರುತ್ತದೆ. ಮೊದಲು ಮುಚ್ಚುವ ಬಾಗಿಲಿಗೆ ಮೊದಲು ಓಡಲಿ.

ಸಮುದ್ರವೂ ಬೇಕು, ಖಾಕಿಯೂ ಬೇಕು ಅಂದರೆ ಕರಾವಳಿ ಕಾವಲು ಪೊಲೀಸ್ ಇದೆ. ಅದಕ್ಕೆ ಗುಜರಾತಿನ ಓಖಾದಲ್ಲಿ ಕೇಂದ್ರದ್ದೇ ಒಂದು ಅಕಾಡೆಮಿ ಆಗಿದೆ, 2018ರಿಂದ. ಬೇರೆ ಬೇರೆ ರಾಜ್ಯದ ಪೊಲೀಸರನ್ನು ಅಲ್ಲಿಗೆ ಕಳಿಸುತ್ತಾರೆ. ಬೇಕೇ ಬೇಕಿತ್ತು. ಘಟ್ಟದ ಮೇಲಿನ ಹುಡುಗರನ್ನು ತಂದು ಬೋಟಿನಲ್ಲಿ ಕೂರಿಸಿದರೆ ಮೊದಲ ಅಲೆಗೇ ಬೆಳಗಿನ ಅವಲಕ್ಕಿ ಹೊರಗೆ ಬರುತ್ತಿತ್ತು, ಕಳ್ಳನನ್ನು ಹಿಡಿಯುವುದು ಆಮೇಲಿನ ಮಾತು.

ಗೋಕರ್ಣದ_ಹುಡುಗಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಫಸ್ಟ್ ಪಿಯು. ಹುಡುಗಿಯರಿಗೂ ಎನ್‌ಡಿಎ ಇದೆಯಾ, ಇಲ್ಲ ಡಿಗ್ರಿ ಆದ ಮೇಲೆ ಮಾತ್ರವಾ? ಕಾಲೇಜಿನಲ್ಲಿ ಕೇಳಿದರೆ ಇಲ್ಲ ಅಂದರು.

ಸದಾಶಿವಗಡ_77:

ಇದೆ ಪುಟ್ಟಿ. ಹೇಳಿದವರಿಗೆ ಹಳೆಯ ವಿಷಯ ಗೊತ್ತು. 2021ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಪರೀಕ್ಷೆಗೆ ಬಿಡಿ ಅಂತ ಆದೇಶ ಮಾಡಿತು. 2022ರಲ್ಲಿ ಮೊದಲ ಹುಡುಗಿಯರ ತಂಡ ಖಡಕ್‌ವಾಸ್ಲಾಕ್ಕೆ ಹೋಯಿತು, ಅದರಲ್ಲಿ 17 ಜನ 2025ರ ಮೇ ತಿಂಗಳಲ್ಲಿ ಪಾಸಾಗಿ ಹೊರಬಂದರು. ಪರೀಕ್ಷೆ ಅದೇ, ಎಸ್‌ಎಸ್‌ಬಿ ಅದೇ. ಸೀಟು ಕಡಿಮೆ. ನೇವಿ, ಏರ್‌ಫೋರ್ಸ್ ಬೇಕಾದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಬಿಡಬೇಡ. ಸೇನೆಗೆ ಮಾತ್ರ ಆದರೆ ಯಾವ ವಿಭಾಗವಾದರೂ ನಡೆಯುತ್ತದೆ.

ಎನ್‌ಸಿಸಿ_ಸರ್:

ತಡವಾಗಿ ಬಂದೆ. ಎಲ್ಲರೂ ಪಿಯುಸಿ ನಂತರದ್ದನ್ನೇ ಹೇಳಿದ್ದೀರಿ. ಈ ಎರಡು ವರ್ಷದಲ್ಲಿ ಆಗದಿದ್ದರೆ ಎಲ್ಲ ಮುಗಿಯಿತು ಅಂತ ಹುಡುಗ ತಿಳಿದುಕೊಳ್ಳಬಾರದು. ಡಿಗ್ರಿ ಮಾಡುತ್ತಾ ಸಿಡಿಎಸ್ (ಯುಪಿಎಸ್‌ಸಿಯ ಕಂಬೈನ್ಡ್ ಡಿಫೆನ್ಸ್ ಸರ್ವೀಸಸ್ ಪರೀಕ್ಷೆ) ಬರೆಯಬಹುದು. ಎನ್‌ಸಿಸಿ ಸಿ ಸರ್ಟಿಫಿಕೇಟ್ ಇದ್ದರೆ ಸೇನೆಗೆ ಲಿಖಿತ ಪರೀಕ್ಷೆಯಿಲ್ಲದೆ ಎಸ್‌ಎಸ್‌ಬಿ, ಆಮೇಲೆ ಚೆನ್ನೈನ ಒಟಿಎ (ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ).

ಕೆಳಗಿನಿಂದ ಹತ್ತುವ ದಾರಿಯೂ ಇದೆ. ಸೈನಿಕನಾಗಿ ಸೇರಿದವರಿಗೆ ಡೆಹ್ರಾಡೂನಿನಲ್ಲಿ ಆರ್ಮಿ ಕೆಡೆಟ್ ಕಾಲೇಜ್ ಇದೆ, ನೇವಿಯಲ್ಲಿ ಸೇಲರ್‌ಗಳಿಗೆ ಅಧಿಕಾರಿ ಆಗಲು ಸಿಡಬ್ಲ್ಯೂ (ಕಮಿಷನ್ ವರ್ದಿ) ಸ್ಕೀಮ್ ಇದೆ. ಈಗ ನೇವಿ ಅಗ್ನಿವೀರ್ ಆಗಿ ಒಡಿಶಾದ ಚಿಲ್ಕಾಗೆ ತರಬೇತಿಗೆ ಹೋಗುವವರು ನಾಲ್ಕು ವರ್ಷದ ಲೆಕ್ಕವನ್ನು ಸರಿಯಾಗಿ ತಿಳಿದುಕೊಂಡು ಹೋಗಬೇಕು, ಕಾಲು ಭಾಗದಷ್ಟು ಜನರನ್ನು ಮಾತ್ರ ಮುಂದುವರಿಸುತ್ತಾರೆ.

ಕಾರವಾರದವರಿಗೆ ಇದನ್ನು ನಾನು ಹೇಳಬೇಕಾ? ಚೆಂಡಿಯಾ ಮೂಲದ ರಾಮ ರಾಘೋಬಾ ರಾಣೆ ಯಾವ ಅಕಾಡೆಮಿಯಿಂದಲೂ ಬಂದವರಲ್ಲ. ಪೊಲೀಸ್ ಕಾನ್‌ಸ್ಟೇಬಲ್ ಮಗ. 1940ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇನೆಯ ಇಂಜಿನಿಯರ್ ಪಡೆ ಬಾಂಬೆ ಸ್ಯಾಪರ್ಸ್ ಸೇರಿದರು. 1947ರ ಡಿಸೆಂಬರಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ನಾಲ್ಕು ತಿಂಗಳಲ್ಲಿ, 1948ರ ಏಪ್ರಿಲ್‌ನಲ್ಲಿ, ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ಗುಂಡಿನ ನಡುವೆ ಮೈನ್ ತೆಗೆದು, ಅಡ್ಡ ಹಾಕಿದ್ದನ್ನೆಲ್ಲ ಕಿತ್ತು ಟ್ಯಾಂಕುಗಳಿಗೆ ದಾರಿ ಮಾಡಿದರು. ಪರಮವೀರ ಚಕ್ರ ಬಂತು. ಕಾರವಾರದ ಮಕ್ಕಳಿಗೆ ವಿಮಾನವಾಹಕ ಹಡಗು ವಿಕ್ರಮಾದಿತ್ಯ ಎಷ್ಟು ಉದ್ದ ಅಂತ ಗೊತ್ತಿರುತ್ತದೆ, ಇವರು ಯಾರು ಅಂತ ಕೇಳಿದರೆ ತಲೆ ಕೆರೆಯುತ್ತಾರೆ.

ಬೇಲೇಕೇರಿ_ಅಕ್ಕ:

ಎಲ್ಲರಿಗೂ ಒಬ್ಬೊಬ್ಬರಿಗೆ ಉತ್ತರ ಬರೆಯಬೇಕು ಅಂತ ಇತ್ತು, ಆಗಲಿಲ್ಲ. ಹದಿನೈದು ದಿನದಲ್ಲಿ ಆದದ್ದು ಹೇಳುತ್ತೇನೆ.

ಕಣ್ಣು ತೋರಿಸಿದೆವು. ಬಣ್ಣದ ಅಂಕಿ ಎಲ್ಲ ಸರಿಯಾಗಿ ಓದಿದ. ಆದರೆ ಎಡಗಣ್ಣಿಗೆ ಸ್ವಲ್ಪ ಪವರ್ ಇದೆ, ಮುಕ್ಕಾಲು ಅಂತೆ. ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಎರಡು ದಿನ ಊಟ ಬಿಟ್ಟ. ಲೇಸರ್ ಮಾಡಿಸುತ್ತೇನೆ ಅಂತ ಹಟ.

ಮೂರನೇ_ಮೇಟ್:

ಲೇಸರ್ ಬೇಡ! 20 ವರ್ಷ ಆಗುವ ಮೊದಲು ಮಾಡಿಸಿದರೆ ಎನ್‌ಡಿಎ ಕಥೆ ಅಲ್ಲಿಗೇ ಮುಗಿಯುತ್ತದೆ. ಡೆಕ್ಕಿಗೆ ಕನ್ನಡಕ ಇಲ್ಲದ ಕಣ್ಣು ಬೇಕು, ಇಂಜಿನ್ ಕಡೆ ಸ್ವಲ್ಪ ಪವರ್ ಇದ್ದರೂ ತೆಗೆದುಕೊಳ್ಳುತ್ತಾರೆ. ಮುಕ್ಕಾಲು ಅಂದರೆ ಇಂಜಿನ್ನಿಗೆ ತೊಂದರೆ ಆಗಬಾರದು. ಡಿಜಿ ಶಿಪ್ಪಿಂಗ್ ಒಪ್ಪಿದ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ, ಪೇಟೆಯ ಕನ್ನಡಕದಂಗಡಿ ಲೆಕ್ಕಕ್ಕಿಲ್ಲ. ಸೇನೆ, ನೇವಿಗೂ ಒಂದೊಂದು ಅಳತೆ ಇದೆ, ಈಗಿನ ನೋಟಿಫಿಕೇಶನ್ ಓದದೆ ನೀವೇ ತೀರ್ಮಾನ ಮಾಡಬೇಡಿ. ಮತ್ತೆ ಆ 15,000 ಏನಾಯಿತು?

ಬೇಲೇಕೇರಿ_ಅಕ್ಕ:

ಇಂಜಿನ್ ಅಂದ ಕೂಡಲೇ ಎದ್ದು ಕೂತ. ಅಪ್ಪನ ಬೋಟಿನ ಇಂಜಿನ್ ಬಿಚ್ಚುವುದು ಅವನಿಗೆ ಮೊದಲಿಂದಲೂ ಇಷ್ಟ, ನಮಗೇ ಹೊಳೆದಿರಲಿಲ್ಲ. ಈಗ ಎನ್‌ಡಿಎ ಫಾರ್ಮ್, ಐಎಂಯು ಸಿಇಟಿ, ಜೆಇಇ ಮೂರೂ ಹಾಕುತ್ತೇನೆ ಅನ್ನುತ್ತಿದ್ದಾನೆ. ಎನ್‌ಡಿಎ ಫಾರ್ಮ್ ಅಪ್ಪನ ಎದುರೇ ತುಂಬಿದ, ಸದಾಶಿವಗಡದವರು ಹೇಳಿದ ಹಾಗೆ. ಅಪ್ಪ ಎದ್ದು ಹೋಗಲಿಲ್ಲ. ಅಪ್ಪನ ಉದ್ಯೋಗ ಅನ್ನುವ ಜಾಗ ಬಂದಾಗ ತಮ್ಮ ಕೂಲಿ ಅಂತ ಬರೆಯಲು ಹೋದ, ಅಪ್ಪ ತಡೆದು ಮೀನುಗಾರ ಅಂತ ಬರೆಯಿಸಿದರು. ಅಷ್ಟೇ ಮಾತಾಡಿದ್ದು.

ದುಡ್ಡಿನ ಕಥೆ ಕೇಳಿ. ನಾನು ಫೋನ್ ಮಾಡಿ ಲೈಸೆನ್ಸ್ ನಂಬರ್ ಕೇಳಿದೆ, ಆ ಏಜೆಂಟ್ ನಾಳೆ ಹೇಳುತ್ತೇನೆ ಅಂದ, ಆಮೇಲೆ ಫೋನ್ ಎತ್ತಲೇ ಇಲ್ಲ. ರಸೀದಿ ಅಂತ ನಮ್ಮ ಹತ್ತಿರ ಇದ್ದದ್ದು ಒಂದು ಬಿಳಿ ಚೀಟಿ, ಸೀಲೂ ಇಲ್ಲ. ಪೊಲೀಸಿಗೆ ಹೋಗೋಣ ಅಂತ ನಾನು ಅಂದರೆ ಅಮ್ಮ ಬೇಡ ಅಂದಳು. ಮರುದಿನ ಬೆಳಿಗ್ಗೆ ವ್ಯಾಪಾರ ಬಿಟ್ಟು, ಪೇಟೆಯ ಇನ್ನಿಬ್ಬರು ಮೀನಿನವರನ್ನು ಕರೆದುಕೊಂಡು, ಬುಟ್ಟಿ ಸಮೇತ ಹೋಗಿ ಅವನ ಅಂಗಡಿ ಬಾಗಿಲಲ್ಲಿ ಕೂತಳು. ಬೈಯಲಿಲ್ಲ, ಗಲಾಟೆ ಮಾಡಲಿಲ್ಲ, ಅಲ್ಲೇ ತಾರಲೆ ಮಾರಿದಳು. ಹನ್ನೊಂದು ಗಂಟೆಗೆ ಬಿಸಿಲು ಏರಿತು, ವಾಸನೆಯೂ ಏರಿತು. ಮಧ್ಯಾಹ್ನ ಊಟದೊಳಗೆ 15,000 ಎಣಿಸಿ ಕೊಟ್ಟ.